ಮುಸುಕಿನ ಬಟ್ಟೆಯ ಸೊಳ್ಳೆ ಪರದೆ

ಬೇಸಿಗೆಯಲ್ಲಿ ನಮ್ಮೂರಿನ ಸೊಳ್ಳೆ ಲಾರಿ ಓಡಿಸುವವಳು ನಾನು. ಸಂಜೆ ಆರೂವರೆಗೆ ಹೊರಟು ಭತ್ತದ ಗದ್ದೆಗಳ ಅಂಚಿನ ಬೀದಿಗಳಲ್ಲೆಲ್ಲ ಸೊಳ್ಳೆ ಕೊಲ್ಲುವ ಹೊಗೆ ಬಿಡುತ್ತಾ ಒಂದು ಸುತ್ತು ಹಾಕಿ ಬರುತ್ತೇನೆ. ಚಿಕ್ಕವಳಿದ್ದಾಗ ಇಂಥದೇ ಲಾರಿಯ ಹಿಂದೆ, ಆ ಬಿಳಿ ಹೊಗೆಯೊಳಗೆ, ಕೇಕೆ ಹಾಕುತ್ತಾ ಸೈಕಲ್ ತುಳಿದವಳೂ ನಾನೇ. ಈಗ ಯಾವುದಾದರೂ ಮಗು ಹತ್ತಿರ ಬಂದರೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಬೈದು ಓಡಿಸುತ್ತೇನೆ. ಹೆಸರು ವರ್ನಾ ಟಿಲ್‌ಮನ್, ಊರು ಇರುವುದು ಆರ್ಕನ್ಸಾ ರಾಜ್ಯದಲ್ಲಿ. ಇಪ್ಪತ್ತೆರಡು ವರ್ಷ ಅಮೆರಿಕದ ಸೈನ್ಯದಲ್ಲಿದ್ದೆ. ಬೇರೆಯವರು ಶತ್ರುವನ್ನು ಹುಡುಕುತ್ತಿದ್ದಾಗ ನಾನು ಸೈನಿಕರನ್ನು ಕಚ್ಚುವ ಹುಳಗಳನ್ನು ಹುಡುಕುತ್ತಿದ್ದೆ. ನಗಬೇಡಿ, ಎಷ್ಟೋ ಯುದ್ಧಗಳಲ್ಲಿ ಗುಂಡಿಗಿಂತ ಹೆಚ್ಚು ಜನರನ್ನು ಮಲಗಿಸಿದ್ದು ಈ ಹುಳಗಳೇ.

ಕಳೆದ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಲಾರಿ ತೊಳೆಯುತ್ತಿದ್ದಾಗ ಫೋನ್ ಬಂತು.

"ಸಾರ್ಜೆಂಟ್, ನಾನು ಆರ್ಡಿಸ್. ಇನ್ನೂ ಇದೀಯೇನಮ್ಮ, ಇಲ್ಲ ಸೊಳ್ಳೆ ಹೊತ್ಕೊಂಡು ಹೋದ್ವೋ?"

ಆರ್ಡಿಸ್ ಹೋಲ್ಮ್ ಕಾನ್ಸಾಸ್‌ನಲ್ಲಿ ಮದುವೆ ಹುಡುಗಿಯರ ಉಡುಪು ಹೊಲಿಯುವ ಹೆಂಗಸು. ಅವರ ಮಗ ಕರ್ಟ್ ಒಂದು ಕಾಲದಲ್ಲಿ ನನ್ನ ಉಸ್ತುವಾರಿಯಲ್ಲಿದ್ದ ಸೈನಿಕ. ಇಪ್ಪತ್ತೊಂದು ವರ್ಷದಿಂದ ಪ್ರತಿ ಕ್ರಿಸ್‌ಮಸ್‌ಗೂ ಆ ಹೆಂಗಸು ನನಗೆ ಅಕ್ರೋಟಿನ ಕೇಕು ಕಳಿಸುತ್ತಾರೆ. ಕೇಕು ಕಲ್ಲಿನಷ್ಟು ಗಟ್ಟಿಯಾಗಿರುತ್ತದೆ, ನಾನು ಕಾಫಿಯಲ್ಲಿ ಅದ್ದಿಕೊಂಡು ಪೂರ್ತಿ ತಿನ್ನುತ್ತೇನೆ.

"ಇದೀನಿ ಮೇಡಂ. ಏನು ಸಮಾಚಾರ?"

"ನಮ್ಮ ಬ್ರಿನ್ ಇದಾಳಲ್ಲ, ಕರ್ಟ್ ಮಗಳು, ಅವಳೂ ಸೈನ್ಯ ಸೇರಿದ್ದು ನಿಂಗೊತ್ತಲ್ಲ. ಮುಂದಿನ ವಾರ ಆಫ್ರಿಕಾಕ್ಕೆ ಹೊರಡ್ತಾಳೆ. ಅಲ್ಲಿ ಸೊಳ್ಳೆ, ಮರಳು ನೊಣ ಎಲ್ಲಾ ಇದೆಯಂತೆ. 'ಸೈನ್ಯದವರ ಪರದೆ ನಂಗೆ ಬೇಡ ಅಜ್ಜಿ, ಅಪ್ಪಂಗೆ ಹೊಲಿದುಕೊಟ್ಟ ಹಾಗೇ ನಂಗೂ ಹೊಲಿದುಕೊಡು, ಅಪ್ಪನ್ನ ಉಳಿಸಿದ್ದು ಅದೇ ಅಲ್ವಾ' ಅಂದ್ಲು. ಹೊಲಿದು ಮುಗಿಸಿದೀನಿ ಕಣೇ. ಹೇಗೆ ಕಟ್ಕೋಬೇಕು ಅಂತ ನೀನು ಅವಳಿಗೆ ನಾಲ್ಕು ಸಾಲು ಬರೆದುಕೊಡು."

"ಯಾವ ಬಟ್ಟೆಯಲ್ಲಿ ಹೊಲಿದ್ರಿ?"

"ಅದೇ ಬಟ್ಟೆ. ಮದುಮಗಳ ಮುಸುಕಿಂದು."

ಕೈಯಲ್ಲಿದ್ದ ಪೈಪು ನನ್ನ ಬೂಟಿನ ಮೇಲೇ ನೀರು ಸುರಿಯತೊಡಗಿತು.

"ಕರ್ಟ್ ಏನಂದ?"

"ಏನೂ ಅನ್ಲಿಲ್ಲ. 'ಸಾರ್ಜೆಂಟ್‌ಗೆ ಫೋನ್ ಮಾಡು' ಅಂದ. ಅಷ್ಟು ಹೇಳಿ ಹೊರಗೆ ಹೋದ."

ಹೇಡಿ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಬಾಯಲ್ಲಿ ಮಾತ್ರ "ಬರೆಯೋದಲ್ಲ ಮೇಡಂ, ನಾನೇ ಬರ್ತೀನಿ" ಎಂದೆ.

ನಾಲ್ಕು ಸಾಲಿನಲ್ಲಿ ಹೇಳುವ ವಿಷಯ ಅದಾಗಿರಲಿಲ್ಲ. ಆ ಪರದೆಯ ಬಗ್ಗೆ ನಾನು ಆರ್ಡಿಸ್‌ಗೆ ಒಂದು ಸುಳ್ಳು ಬರೆದಿದ್ದೆ. ಆ ಸುಳ್ಳು ಇಪ್ಪತ್ತೊಂದು ವರ್ಷ ಯಾರಿಗೂ ತೊಂದರೆ ಕೊಡದೆ ಒಂದು ಮನೆಯಲ್ಲಿ ಬೆಚ್ಚಗೆ ಕುಳಿತಿತ್ತು. ಈಗ ಒಂದು ಹುಡುಗಿ ಅದನ್ನು ನಂಬಿಕೊಂಡು ಅದರೊಳಗೆ ಮಲಗಲು ಹೊರಟಿದ್ದಳು.

ಅದು ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆ, ಇರಾಕಿನ ದಕ್ಷಿಣದ ಮರಳುಗಾಡು. ರಸ್ತೆ, ಸೇತುವೆ ಕಟ್ಟುವ ಒಂದು ತುಕಡಿಯ ಮೂವತ್ತೆಂಟು ಹುಡುಗರನ್ನು ನನ್ನ ಕೈಗೆ ಒಪ್ಪಿಸಿದ್ದರು. ಅಲ್ಲಿನ ಮರಳು ನೊಣ ನಮ್ಮ ಸೊಳ್ಳೆಯ ಮೂರರಲ್ಲಿ ಒಂದು ಪಾಲು ಇರುತ್ತದೆ. ಸದ್ದು ಮಾಡುವುದಿಲ್ಲ. ಕಚ್ಚಿದ ವಾರಗಳ ಮೇಲೆ ಅಲ್ಲಿ ಒಂದು ಗುಳ್ಳೆ ಏಳುತ್ತದೆ, ಗುಳ್ಳೆ ಒಡೆದು ಹುಣ್ಣಾಗುತ್ತದೆ, ಆ ಹುಣ್ಣು ತಿಂಗಳುಗಟ್ಟಲೆ ಆರುವುದಿಲ್ಲ. ಅಂಥವನನ್ನು ವಾಷಿಂಗ್ಟನ್‌ಗೆ ಸಾಗಿಸಿ ಇಪ್ಪತ್ತು ದಿನ ರಕ್ತನಾಳಕ್ಕೆ ಔಷಧಿ ಹನಿಸಬೇಕು. ಕೆಲವರಿಗೆ ಮೂಗಿನ ತುದಿಯೇ ಹೋಗಿಬಿಡುತ್ತದೆ.

ನಮ್ಮ ಹತ್ತಿರ ಸೊಳ್ಳೆ ಕ್ರೀಮು ಇತ್ತು. ಹಚ್ಚಿಕೊಂಡರೆ ಅರ್ಧ ಗಂಟೆಯಲ್ಲಿ ಮೈಯೆಲ್ಲ ಮರಳು ಮೆತ್ತಿಕೊಳ್ಳುತ್ತದೆ ಎಂದು ಹುಡುಗರು ಅದನ್ನು ಮುಟ್ಟುತ್ತಿರಲಿಲ್ಲ. ಬಟ್ಟೆಗೆ, ಪರದೆಗೆ ಹಾಕುವ ಕೀಟನಾಶಕ ಔಷಧಿ ಪೀಪಾಯಿಗಟ್ಟಲೆ ಇತ್ತು. ಪರದೆ ಕಟ್ಟುವ ಕೋಲುಗಳೂ ಬಂದಿದ್ದವು, ನೂರಾರು. ಪರದೆಗಳು ಮಾತ್ರ ಬೇರೆ ಯಾವುದೋ ಶಿಬಿರಕ್ಕೆ ಹೋಗಿದ್ದವು. ಬೆಳಿಗ್ಗೆ ಎದ್ದರೆ ಮೂವತ್ತೆಂಟು ಮಂಚ, ಪ್ರತಿ ಮಂಚಕ್ಕೂ ನಾಲ್ಕು ಕೋಲು, ಮಧ್ಯೆ ಬರೀ ಮೈಯಲ್ಲಿ ಬಿದ್ದುಕೊಂಡ ನನ್ನ ಹುಡುಗರು. ನೋಡಿದರೆ ಸಿಟ್ಟಿನಿಂದ ಕಣ್ಣು ಉರಿಯುತ್ತಿತ್ತು.

ಒಂದು ದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪ್ಯಾಂಟು ಮೇಲೆತ್ತಲು ಹೇಳಿದೆ. ಕಚ್ಚಿದ ಗುರುತು ಹುಡುಕೋಣ ಎಂದುಕೊಂಡಿದ್ದೆ. ಕಂಡದ್ದು ನಾಯಿಯ ಕೊರಳಪಟ್ಟಿ. ಚಿಗಟ ಹತ್ತದಿರಲಿ ಎಂದು ಔಷಧಿ ತುಂಬಿ ಮಾರುತ್ತಾರಲ್ಲ, ಆ ಪಟ್ಟಿಗಳನ್ನು ಇಪ್ಪತ್ತಾರು ಜನ ಕಾಲಿಗೆ ಸುತ್ತಿಕೊಂಡಿದ್ದರು.

"ಯಾರೋ ಕಳಿಸಿದ್ದು ಇದನ್ನ?"

"ಅಮ್ಮ, ಸಾರ್ಜೆಂಟ್."

"ನಿಂಗೆ?"

"ನಂಗೂ ಅಮ್ಮ."

"ನಿಂಗೆ?"

"ಅತ್ತೆ, ಸಾರ್ಜೆಂಟ್," ಎಂದ ಟೆಕ್ಸಾಸ್‌ನ ಒರೊಸ್ಕೊ. "ಮದುವೆ ದಿನದಿಂದ್ಲೂ ಅವರ ಅಭಿಪ್ರಾಯ ಅದೇ."

ಸಾಲಿಗೆ ಸಾಲೇ ನಕ್ಕಿತು. ನಾನೂ ನಗುವವಳಿದ್ದೆ. ಅಷ್ಟರಲ್ಲಿ ಕೊನೆಯಲ್ಲಿ ನಿಂತಿದ್ದ ಕರ್ಟ್‌ನ ಕಾಲು ಕಂಡಿತು. ಉಳಿದವರು ಕಾಲುಚೀಲದ ಮೇಲೆ ಸುತ್ತಿಕೊಂಡಿದ್ದರು, ಅವನು ನೇರ ಚರ್ಮದ ಮೇಲೆ ಬಿಗಿದುಕೊಂಡಿದ್ದ. ಎರಡೂ ಕಾಲಿನ ಹರಡಿನ ಸುತ್ತ ಬಳೆಯಾಕಾರದಲ್ಲಿ ಚರ್ಮ ಸುಟ್ಟು ಬೊಬ್ಬೆ ಎದ್ದಿತ್ತು. ಆ ಹುಣ್ಣಿನ ಮೇಲೆ ಬೂಟು ಹಾಕಿಕೊಂಡು ಆತ ಹನ್ನೊಂದು ದಿನ ಕೆಲಸ ಮಾಡಿದ್ದ.

"ಬಿಚ್ಚು."

"ಇದೊಂದು ಬಿಡಿ ಸಾರ್ಜೆಂಟ್. ಇದು ನಮ್ಮ ಹೋಬೋದು." ಹೋಬೋ ಅವನ ನಾಯಿ. "ಹೊಸದು ಅಂಗಡೀಲಿ ಒಂದೇ ಇತ್ತಂತೆ. ಇನ್ನೊಂದು ಕಾಲಿಗೆ ಅಮ್ಮ ಅದರ ಕೊರಳಿಂದಲೇ ಬಿಚ್ಚಿ ಕಳಿಸಿದಾಳೆ. ಇನ್ನೂ ಅದರ ವಾಸನೆ ಇದೆ, ನೋಡಿ ಬೇಕಾದ್ರೆ."

ನಾನು ಮೂಸಿ ನೋಡಲಿಲ್ಲ. ಕತ್ತರಿ ತಂದು ಎರಡನ್ನೂ ಕತ್ತರಿಸಿದೆ. ಇಪ್ಪತ್ತು ವರ್ಷದ ಹುಡುಗ, ಆರಡಿ ಎತ್ತರ, ಎಲ್ಲರೆದುರು ಅತ್ತುಬಿಟ್ಟ. ಅಂದು ಯಾರೂ ಅವನನ್ನು ರೇಗಿಸಲಿಲ್ಲ.

ಆ ಸಿಟ್ಟಿನಲ್ಲೇ ಕುಳಿತು ಅವನ ತಾಯಿಗೆ ಕಾಗದ ಬರೆದೆ. ಪ್ರತಿ ಮಾತೂ ನೆನಪಿದೆ. "ಶ್ರೀಮತಿ ಹೋಲ್ಮ್ ಅವರಿಗೆ. ನಿಮ್ಮ ಮಗನ ಕಾಲನ್ನು ನೊಣ ಕಚ್ಚಿಲ್ಲ, ನೀವು ಸುಟ್ಟಿದ್ದೀರಿ. ನಾಯಿಗೆ ಮೈತುಂಬ ಕೂದಲಿದೆ, ಕರ್ಟ್‌ಗೆ ಇಲ್ಲ. ದಯವಿಟ್ಟು ಇಂಥದನ್ನು ಕಳಿಸುವುದು ನಿಲ್ಲಿಸಿ. ಇಲ್ಲಿ ನಮಗೆ ಬೇಕಾಗಿರುವುದು ಸಣ್ಣ ಕಣ್ಣಿನ ಪರದೆ. ಅದು ನಮ್ಮಲ್ಲಿಲ್ಲ." ಕೆಳಗೆ ಸಹಿ. ಅಂಚೆ ಹೋದ ಮರುದಿನವೇ ಯಾಕಾದರೂ ಬರೆದೆನೋ ಎಂದುಕೊಂಡೆ. ಏಳು ಸಾವಿರ ಮೈಲಿ ದೂರದಲ್ಲಿರುವ ತಾಯಿಗೆ ಹಾಗೆ ಬರೆಯುವವರು ಯಾರಾದರೂ ಇದ್ದಾರೆಯೇ?

ಉತ್ತರ ಬರಲಿಲ್ಲ. ಐದು ವಾರದ ಮೇಲೆ ದೊಡ್ಡ ದೊಡ್ಡ ಮೂರು ಪೆಟ್ಟಿಗೆಗಳು ಬಂದವು. ತೆರೆದರೆ ಒಳಗೆಲ್ಲ ಮದುಮಗಳ ತಲೆಗೆ ಹೊದಿಸುವ, ಬಲೆಯಂಥ ಬೆಳ್ಳಗಿನ ಮುಸುಕಿನ ಬಟ್ಟೆ. ಅಷ್ಟನ್ನೂ ಪರದೆಯಾಗಿ ಹೊಲಿದಿದ್ದರು, ನಾಲ್ಕು ಮೂಲೆಗೂ ಕಟ್ಟಲು ಸ್ಯಾಟಿನ್ ರಿಬ್ಬನ್ ಬೇರೆ. ಮೇಲೆ ಒಂದು ಚೀಟಿ: "ನಾಯಿಪಟ್ಟಿಗೆ ಕ್ಷಮಿಸಿ. ಮೂವತ್ತೆಂಟು ಜನ ಎಂದು ಕರ್ಟ್ ಬರೆದಿದ್ದ. ನಾನೂ ಚರ್ಚಿನ ಮೂವರು ಗೆಳತಿಯರೂ ಸೇರಿ ಹೊಲಿದೆವು. ಎರಡು ಪರದೆಗೆ ಮುತ್ತು ಅಂಟಿಕೊಂಡಿದೆ, ಕೀಳಲು ಸಮಯವಿರಲಿಲ್ಲ."

ಹುಡುಗರಿಗೆ ಹಬ್ಬವೋ ಹಬ್ಬ. ಒರೊಸ್ಕೊ ಒಂದನ್ನು ತಲೆಯ ಮೇಲೆ ಹೊದ್ದುಕೊಂಡು ಗುಡಾರದ ಉದ್ದಕ್ಕೂ ತಲೆ ತಗ್ಗಿಸಿ ನಡೆದ.

"ಅಳಬೇಡವೇ ತಾಯಿ, ಗಂಡನ ಮನೆಯವರು ಒಳ್ಳೆಯವರು!" ಎಂದು ಯಾರೋ ಕೂಗಿದರು.

"ಮುತ್ತಿಂದು ನಂಗೆ ಕಣ್ರೋ! ಮುಟ್ಟಿದ್ರೆ ಕೈ ಮುರೀತೀನಿ!"

ಕರ್ಟ್ ಒಂದು ಮೂಲೆಯಲ್ಲಿ ನಿಂತು ನಗುತ್ತಿದ್ದ. ಅಷ್ಟು ಹೆಮ್ಮೆಯ ಮುಖವನ್ನು ನಾನು ಸೈನ್ಯದಲ್ಲಿ ಬೇರೆಲ್ಲೂ ನೋಡಲಿಲ್ಲ.

ನನಗೆ ಮಾತ್ರ ಆ ಬಟ್ಟೆಯ ಕಣ್ಣು ನೋಡಿದೊಡನೆ ಅನುಮಾನ. ಸಂಜೆ ಬಾಯಿಂದ ಹೀರುವ ಕೊಳವೆಯಲ್ಲಿ ಹತ್ತು ಮರಳು ನೊಣ ಹಿಡಿದು ಗಾಜಿನ ಭರಣಿಗೆ ಬಿಟ್ಟೆ, ಭರಣಿಯ ಬಾಯಿಗೆ ಆ ಬಟ್ಟೆಯ ತುಂಡು ಕಟ್ಟಿದೆ. ಭರಣಿ ಹಿಡಿದುಕೊಂಡಿದ್ದವನು ಕರ್ಟ್. ಹತ್ತು ನಿಮಿಷದಲ್ಲಿ ಹತ್ತೂ ಹೊರಗೆ. ಮನೆಯ ಬಾಗಿಲು ದಾಟಿದಷ್ಟು ಸಲೀಸಾಗಿ ನಡೆದುಕೊಂಡು ಬಂದವು. ಸೊಳ್ಳೆಯಾಗಿದ್ದರೆ ನಿಲ್ಲುತ್ತಿತ್ತು, ಈ ನೊಣಕ್ಕೆ ಆ ಕಣ್ಣು ಬಲು ದೊಡ್ಡದು. "ಸಣ್ಣ ಕಣ್ಣಿನ" ಎಂದು ಬರೆದ ನಾನು ಎಷ್ಟು ಸಣ್ಣದು ಎಂದು ಬರೆದಿರಲಿಲ್ಲ. ಬೈಯುವ ಅವಸರದಲ್ಲಿ ಹೇಳಬೇಕಾದ್ದನ್ನು ಬಿಟ್ಟಿದ್ದೆ. ತಪ್ಪು ನನ್ನದು.

"ಅಮ್ಮಂಗೆ ಹೇಳ್ಬೇಡಿ ಸಾರ್ಜೆಂಟ್," ಎಂದ ಕರ್ಟ್. "ನಾಯಿಪಟ್ಟಿದೇ ಇನ್ನೂ ಮನಸ್ಸಿಗೆ ಹಚ್ಕೊಂಡಿದಾಳೆ. ಇದೂ ಹಾಳಾಯ್ತು ಅಂದ್ರೆ ತಡ್ಕೊಳ್ಳಲ್ಲ."

"ಇದು ಹಾಳಾಗಕ್ಕೆ ನಾನು ಬಿಡಲ್ಲ," ಎಂದೆ.

ಮರುದಿನ ಔಷಧಿ ಪೀಪಾಯಿ ತೆರೆದು ನೀರಿಗೆ ಬೆರೆಸಿ ಎಲ್ಲ ಪರದೆಗಳನ್ನೂ ಒಂದೊಂದಾಗಿ ಅದ್ದಿದೆವು. ಬಿಸಿಲಿಗೆ ಒಣಗಿಸಿದರೆ ಔಷಧಿಯ ಶಕ್ತಿ ಹೋಗುತ್ತದೆ, ಆದ್ದರಿಂದ ಗುಡಾರದೊಳಗೇ ಹಗ್ಗ ಕಟ್ಟಿ ನೇತುಹಾಕಿದೆವು. ಒಣಗಿದ ಮೇಲೆ ಮತ್ತೆ ಹತ್ತು ನೊಣ, ಮತ್ತೆ ಭರಣಿ. ಈ ಸಲವೂ ಬಟ್ಟೆ ದಾಟಿ ಬಂದವು, ಆದರೆ ಬಂದವು ಹಾರಲಿಲ್ಲ. ನಾಲ್ಕು ಹೆಜ್ಜೆ ತಡವರಿಸಿ ಕಾಲು ಮೇಲೆ ಮಾಡಿ ಬಿದ್ದವು. ಒಂಬತ್ತು ನೊಣ ಬಿದ್ದಾಗ ಕರ್ಟ್ ನನ್ನ ಹೆಗಲು ಹಿಡಿದುಕೊಂಡಿದ್ದ, ಹತ್ತನೆಯದು ಬಿದ್ದಾಗ ನನ್ನನ್ನು ಎತ್ತಿಯೇ ಬಿಟ್ಟ. ಸಾರ್ಜೆಂಟನ್ನು ಎತ್ತುವುದು ಶಿಸ್ತಿನ ಪ್ರಕಾರ ಅಪರಾಧ, ನಾನು ದೂರು ಕೊಡಲಿಲ್ಲ.

ಆ ಬೇಸಿಗೆ ಕಳೆಯುವಷ್ಟರಲ್ಲಿ ಪಕ್ಕದ ತುಕಡಿಯಲ್ಲಿ ಹನ್ನೊಂದು ಜನಕ್ಕೆ ಹುಣ್ಣಾಯಿತು. ನಮ್ಮ ಮೂವತ್ತೆಂಟರಲ್ಲಿ ಒಬ್ಬನಿಗೆ, ಅದೂ ಸೆಕೆ ಎಂದು ಲಾರಿಯ ಮೇಲೆ ಹೋಗಿ ಮಲಗುತ್ತಿದ್ದ ಒರೊಸ್ಕೊಗೆ. ಈಗಲೂ ಕಣ್ಣು ಮುಚ್ಚಿದರೆ ಆ ಗುಡಾರ ಕಾಣುತ್ತದೆ. ಸಂಜೆಯ ಕೆಂಪು ಬೆಳಕಿನಲ್ಲಿ ಸಾಲಾಗಿ ತೂಗುವ ಬಿಳಿ ಮುಸುಕುಗಳು, ಒಳಗೆ ಇಸ್ಪೀಟು ಆಡುವ, ಮನೆಯಿಂದ ಬಂದ ಕಾಗದ ಓದುವ, ಒಬ್ಬರನ್ನೊಬ್ಬರು ಬೈದಾಡುವ ಹುಡುಗರು. ನನಗೆ ಮಕ್ಕಳಿಲ್ಲ. ಆ ಒಂದು ಬೇಸಿಗೆ ಮಾತ್ರ ಮೂವತ್ತೆಂಟು ಮಕ್ಕಳಿದ್ದರು. ಅದರಷ್ಟು ಕಷ್ಟದ ಕಾಲವನ್ನೂ ಕಂಡಿಲ್ಲ, ಅದರಷ್ಟು ಮತ್ತೆ ಬೇಕೆನಿಸುವ ಕಾಲವನ್ನೂ ಕಂಡಿಲ್ಲ.

ಹೊರಡುವ ಮುನ್ನ ಆರ್ಡಿಸ್‌ಗೆ ಎರಡನೆಯ ಕಾಗದ ಬರೆದೆ. ಕರ್ಟ್ ಪಕ್ಕದಲ್ಲೇ ಕುಳಿತು ಬರೆಸಿದ. "ನೀವು ಹೊಲಿದ ಪರದೆಯನ್ನು ದಾಟಿ ಒಂದೇ ಒಂದು ನೊಣವೂ ಒಳಗೆ ಬರಲಿಲ್ಲ. ಸೈನ್ಯದ ಪರದೆಗಿಂತ ಇದೇ ಮೇಲು." ಔಷಧಿಯ ಮಾತು ಎತ್ತಲಿಲ್ಲ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಇಷ್ಟನ್ನೂ ಮೆಲುಕು ಹಾಕುತ್ತಾ ಎಂಟು ಗಂಟೆ ಗಾಡಿ ಓಡಿಸಿ ಕಾನ್ಸಾಸ್ ತಲುಪಿದೆ. ಹಿಂದಿನ ಸೀಟಿನಲ್ಲಿ ಔಷಧಿಯ ಡಬ್ಬಿ, ರಬ್ಬರ್ ಕೈಗವಸುಗಳು. ಅಂಗಳದಲ್ಲಿ ಕರ್ಟ್ ತನ್ನ ಟ್ರಕ್ಕಿನ ಬಾನೆಟ್ ಎತ್ತಿ ತಲೆ ಒಳಗೆ ಹಾಕಿಕೊಂಡಿದ್ದ.

"ಟ್ರಕ್ಕಿಗೆ ಏನೂ ಆಗಿಲ್ಲ ಅಂತ ನಂಗೊತ್ತು ಕಣೋ," ಎಂದೆ.

"ನಂಗೆ ಹೇಳಕ್ಕೆ ಆಗ್ಲಿಲ್ಲ ಸಾರ್ಜೆಂಟ್. ಬ್ರಿನ್‌ಗೂ ಹೇಳ್ಲಿಲ್ಲ. ಅಜ್ಜಿ ಮೊಮ್ಮಗಳು ಇಬ್ಬರೂ ಅದನ್ನ ಹಿಡ್ಕೊಂಡು ಎಷ್ಟು ಖುಷಿಯಾಗಿದ್ರು ಅಂದ್ರೆ..."

"ಮೂತಿ ನೋಡು. ನಲವತ್ತು ದಾಟಿದ ಗಂಡಸು. ಬ್ರಿನ್ ಎಲ್ಲಿ?"

"ನಾಳೆ ಮಧ್ಯಾಹ್ನ ಬರ್ತಾಳೆ. ಪರದೆ ತಗೊಂಡು ಹಾಗೇ ಹೊರಡ್ತಾಳೆ."

ಒಳಗೆ ಆರ್ಡಿಸ್ ಕಾಫಿ ಇಟ್ಟಿದ್ದರು. ಎಪ್ಪತ್ತೊಂದು ವಯಸ್ಸು, ಬಾಯಲ್ಲಿ ಇನ್ನೂ ಎರಡು ಗುಂಡುಪಿನ್ನು. ಮೇಜಿನ ಮೇಲೆ ಪರದೆ ಮಡಿಸಿಟ್ಟಿತ್ತು. ನಾನು ಅಂಚು ಹಿಡಿದು ಬೆಳಕಿಗೆ ಎತ್ತಿದೆ. ಅದೇ ಕಣ್ಣು.

"ಚೆನ್ನಾಗಿದ್ಯಾ?" ಎಂದರು.

"ಮೇಡಂ, ನಾನು ನಿಮಗೆ ಸುಳ್ಳು ಬರೆದಿದ್ದೆ," ಎಂದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. "ನೊಣ ಬಂದಿದ್ವು. ನಾನು ಹತ್ತು ಹಿಡಿದು ನೋಡಿದೆ. ಹತ್ತೂ ದಾಟಿದ್ವು. ಆಮೇಲೆ ಔಷಧಿಯಲ್ಲಿ ಅದ್ದಿದೆವು. ಹುಡುಗರನ್ನ ಉಳಿಸಿದ್ದು ಆ ಔಷಧಿ ಹಾಕಿದ ಪರದೆ. ಬರೀ ಬಟ್ಟೆ ಉಳಿಸ್ತಿರಲಿಲ್ಲ. ಬ್ರಿನ್ ಇದನ್ನ ಹೀಗೇ ತಗೊಂಡು ಹೋಗ್ಬಾರ್ದು."

ಆರ್ಡಿಸ್ ಬಾಯಿಂದ ಪಿನ್ನುಗಳನ್ನು ತೆಗೆದು ಒಂದೊಂದಾಗಿ ಪಿನ್ನಿನ ಪುಟ್ಟ ದಿಂಬಿಗೆ ಚುಚ್ಚಿದರು.

"ಹತ್ತೂ?"

"ಹತ್ತೂ."

"ಇಪ್ಪತ್ತೊಂದು ವರ್ಷ! ಚರ್ಚಿನಲ್ಲಿ ಎಷ್ಟು ಸಲ ಹೇಳ್ಕೊಂಡಿದೀನಿ ಗೊತ್ತಾ ನಿಂಗೆ? ನನ್ನ ಜೊತೆ ಹೊಲಿದ ಆ ಮೂವರೂ ಇದನ್ನ ನಂಬ್ಕೊಂಡೇ ತೀರ್ಕೊಂಡ್ರಲ್ಲೇ! ನನ್ನ ಮೊಮ್ಮಗಳನ್ನ ಇದರೊಳಗೆ ಮಲಗಿಸ್ತಿದ್ದೆ ನಾನು!" ಕಪ್ಪನ್ನು ಕುಕ್ಕಿದ ರಭಸಕ್ಕೆ ಕಾಫಿ ಚೆಲ್ಲಿತು. ನಾನು ತಲೆ ಎತ್ತಲಿಲ್ಲ. ಅವರು ಬೈದ ಪ್ರತಿ ಮಾತಿಗೂ ನಾನು ತಕ್ಕವಳಾಗಿದ್ದೆ.

ಸ್ವಲ್ಪ ಹೊತ್ತಿನ ಮೇಲೆ "ಬಾ ಇಲ್ಲಿ," ಎಂದು ಹೊಲಿಗೆ ಕೋಣೆಗೆ ಕರೆದುಕೊಂಡು ಹೋದರು. ಯಂತ್ರದ ಎದುರಿನ ಗೋಡೆಯ ಮೇಲೆ ಚೌಕಟ್ಟು ಹಾಕಿದ ಒಂದು ಕಾಗದ. ನನ್ನದೇ ಅಕ್ಷರ. ನಿಮ್ಮ ಮಗನ ಕಾಲನ್ನು ನೊಣ ಕಚ್ಚಿಲ್ಲ, ನೀವು ಸುಟ್ಟಿದ್ದೀರಿ.

"ಇದನ್ನ ಯಾಕೆ ಮೇಡಂ ಗೋಡೆಗೆ ಹಾಕಿದೀರಿ?" ಎಂದೆ.

"ಆ ಬೇಸಿಗೆ ಊರಿಗೆ ಊರೇ ಬಂದು ಹೆಮ್ಮೆಪಡು, ದೇವರನ್ನ ಬೇಡ್ಕೋ ಅಂತ ಹೇಳಿ ಹೋಗ್ತಿತ್ತು. ಒಂದು ಕೆಲಸ ಹೇಳಿದೋಳು ನೀನು ಒಬ್ಬಳೇ. ಏನು ಮಾಡ್ಬಾರ್ದು, ಏನು ಬೇಕು, ಅಷ್ಟೇ. ಓದಿ ಒಂದು ದಿನ ಅತ್ತೆ. ಮಾರನೇ ದಿನ ಕತ್ತರಿ ತಗೊಂಡೆ." ಕೆಳಗಿನ ಡ್ರಾಯರ್ ಎಳೆದು ತೋರಿಸಿದರು. "ನಿನ್ನ ಎರಡನೇದು ಇಲ್ಲಿದೆ. ಎಲ್ಲರಿಗೂ ಓದಿ ಹೇಳ್ದೆ, ಆದ್ರೆ ಗೋಡೆಗೆ ಹಾಕಕ್ಕೆ ಯಾಕೋ ಮನಸ್ಸು ಬರ್ಲಿಲ್ಲ. ಗೋಡೆ ಮೇಲಿರೋದನ್ನ ಬರೆದೋಳು ಇಷ್ಟು ಸಿಹಿಯಾಗಿ ಬರೀತಾಳಾ ಅನ್ನಿಸ್ತು. ಕೇಳಕ್ಕೆ ನಂಗೂ ಧೈರ್ಯ ಸಾಲ್ಲಿಲ್ಲ ಬಿಡು."

ನನಗೆ ಅಳು ಬಂತು. ಅವರು ನೋಡಿಯೂ ನೋಡದವರಂತೆ ಪರದೆ ಎತ್ತಿಕೊಂಡರು.

"ಅತ್ತಿದ್ದು ಸಾಕು. ಹೇಗೆ ಅದ್ದೋದು ತೋರಿಸು."

ಹಿತ್ತಿಲಿನ ನೆರಳಿನಲ್ಲಿ ತಗಡಿನ ತೊಟ್ಟಿ ಇಟ್ಟೆವು. ಬೆಕ್ಕನ್ನು ಒಳಗೆ ಕೂಡಿಹಾಕಲು ಹೇಳಿದೆ, ಒದ್ದೆ ಔಷಧಿ ಬೆಕ್ಕಿಗೆ ಆಗುವುದಿಲ್ಲ. ಕರ್ಟ್ ಬಾನೆಟ್ ಮುಚ್ಚಿ, ಕರೆಯದೆಯೇ ಬಂದು ನೀರು ಹೊತ್ತ. ಕೈಗವಸು ಹಾಕಿಕೊಳ್ಳಲೆಂದು ತೋಳು ಮಡಿಸಿದಾಗ ಆರ್ಡಿಸ್ ನನ್ನ ಎಡ ಮಣಿಕಟ್ಟು ಹಿಡಿದರು. ಅಲ್ಲಿ ನಾಣ್ಯದಗಲದ ಒಂದು ಕಲೆಯಿದೆ, ಚರ್ಮ ತೆಳ್ಳಗಾಗಿ ಹೊಳೆಯುತ್ತದೆ.

"ಇದೇನಿದು?"

"ಇರಾಕಿಂದೇ ಮೇಡಂ. ಮರಳು ನೊಣ."

"ನೀನು ಪರದೆಯೊಳಗೆ ಮಲಗ್ತಿರಲಿಲ್ವಾ?"

ಉತ್ತರ ಹೇಳುವ ಮನಸ್ಸಿರಲಿಲ್ಲ. ಆದರೆ ಇನ್ನೊಂದು ಸುಳ್ಳಿಗೆ ಆ ಮನೆಯಲ್ಲಿ ಜಾಗವಿರಲಿಲ್ಲ. "ಮೂವತ್ತೆಂಟೇ ಇದ್ವು," ಎಂದೆ.

ಆರ್ಡಿಸ್ ಮಗನ ಕಡೆ ತಿರುಗಿದರು. ಕರ್ಟ್ ಬಕೆಟ್ ಹಿಡಿದು ನಿಂತಲ್ಲೇ ನಿಂತ.

"ಸಾರ್ಜೆಂಟನ್ನ ಲೆಕ್ಕಕ್ಕೆ ಹಿಡೀಲಿಲ್ವೇನೋ ನೀನು?"

"ಹುಡುಗರನ್ನ ಎಣಿಸಿ ಬರೆದೆ ಅಮ್ಮ," ಎಂದ ಅವನು ಮೆಲ್ಲಗೆ. "ಅವರು ಎಣಿಸೋಕೆ ಅಂತಾನೇ ಇದ್ದೋರು. ಅವರನ್ನೂ ಎಣಿಸ್ಬೇಕು ಅಂತ ಹೊಳೀಲೇ ಇಲ್ಲ."

ಬ್ರಿನ್‌ನ ಪರದೆ ಅದ್ದಿ, ಹಿಂಡದೆ, ನೆರಳಿನಲ್ಲಿ ಹರವಿದೆವು. ಆಮೇಲೆ ನಾನು ಅವಳಿಗೆ ಕಾಗದ ಬರೆದೆ: "ಬ್ರಿನ್, ಇದರ ಕಣ್ಣು ದೊಡ್ಡದು, ನೊಣ ದಾಟಿ ಬರುತ್ತದೆ. ಸೈನ್ಯ ಕೊಡುವ ಪರದೆಯನ್ನೇ ಕಟ್ಟಿಕೋ. ಅಜ್ಜಿಯದನ್ನು ಅದರ ಮೇಲೆ ಹಾಕಿಕೋ. ತೊಳೆದರೆ ಮತ್ತೆ ಅದ್ದು. ಕಾಲಿಗೆ ನಾಯಿಪಟ್ಟಿ ಕಟ್ಟಿಕೊಂಡದ್ದು ತಿಳಿದರೆ ಅಲ್ಲಿಗೇ ಬರುತ್ತೇನೆ." ತೋರಿಸಲು ಒಳಗೆ ಹೋದಾಗ ಆರ್ಡಿಸ್ ಮುಸುಕಿನ ಬಟ್ಟೆಯ ಥಾನನ್ನು ಮೇಜಿನ ಮೇಲೆ ಬಿಡಿಸಿ ಕತ್ತರಿ ಆಡಿಸುತ್ತಿದ್ದರು. ಕಾಗದವನ್ನು ಎರಡು ಸಲ ಓದಿದರು.

"ಹ್ಞೂಂ. ಈಗ ಬರೆದಿದ್ದು ಸರಿಯಾಗಿದೆ," ಎಂದರು. "ನಿನ್ನ ಮಂಚ ಎಷ್ಟು ಅಗಲ ಹೇಳು."

"ನಂಗ್ಯಾಕೆ ಮೇಡಂ? ಆರ್ಕನ್ಸಾದಲ್ಲಿ ಮರಳು ನೊಣದ ಕಾಟ ಇಲ್ಲ."

"ಅಗಲ ಕೇಳಿದ್ದು ನಾನು."

ಹೇಳಿದೆ. ಅವರು ಅಳೆದು ಮೂವತ್ತೊಂಬತ್ತನೆಯದನ್ನು ಕತ್ತರಿಸಿದರು.